ಔರಾದಿನ ಒಂದು, ಬೀದರಿನ ಒಂಬತ್ತು

ಕಳೆದ ವಾರ ಕೊಳಾರದ ಹತ್ತಿರ ನನ್ನ ಬೈಕಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ತಳ್ಳಿಕೊಂಡು ಹೋಗುತ್ತಿದ್ದಾಗ ದಾಲ್ ಮಿಲ್ಲೊಂದರ ಗೋಡೆಯಾಚೆಯಿಂದ ಗಾಳಿ ಬೀಸಿತು. ತೊಗರಿ ಸಿಪ್ಪೆಯ ಧೂಳು. ಮೂಗಿಗೆ ಸ್ವಲ್ಪ ಸಿಹಿಯಾಗಿ ಬಂದು, ಗಂಟಲಿಗೆ ಇಳಿದ ಮೇಲೆ ಕೆರೆಯಲು ಶುರುಮಾಡುವ ವಾಸನೆ. ಬೇರೆಯವರಿಗೆ ಅದರಿಂದ ಮನೆಯ ಬೇಳೆ ನೆನಪಾಗಬಹುದು. ನನಗೆ ಹನ್ನೆರಡು ಬಿಳಿ ಇಲಿಗಳು ನೆನಪಾಗುತ್ತವೆ, ಅವುಗಳ ಹಿಂದೆಯೇ ಒಬ್ಬ ಹೆಂಗಸಿನ ಕೆಮ್ಮು. ಪಂಕ್ಚರ್ ಅಂಗಡಿಯವನು, “ಏನ್ರಿ, ಇಷ್ಟ್ ಬೆವರೀರಿ?” ಎಂದ. ಬೈಕು ಭಾರ ಇದೆ ಎಂದು ಸುಳ್ಳು ಹೇಳಿದೆ.

ಆ ವರ್ಷ ನಾನು ಬಿ.ಎಸ್ಸಿ. ಮುಗಿಸಿ, ಬೀದರಿನ ಹಳೇ ಊರಿನಲ್ಲಿ ಮನೆಯ ಮಾಳಿಗೆ ಹತ್ತಿ, ಬೇರೆಯವರು ಗಾಳಿಪಟ ಹಾರಿಸುವುದರಲ್ಲಿ ಮಾಡುವ ತಪ್ಪುಗಳನ್ನು ಕೂಗಿ ಹೇಳುವ ಕೆಲಸದಲ್ಲಿದ್ದೆ. ಆಗ ಊರಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದ ಎಸ್ತರ್ ಮೇಡಂಗೆ ಆರು ತಿಂಗಳ ಮಟ್ಟಿಗೆ ಒಬ್ಬ ಸಹಾಯಕ ಬೇಕು ಎಂಬ ಸುದ್ದಿ ಬಂತು. ಮೇಡಂ ಭಾಲ್ಕಿಯವರು, ಮೆಥೊಡಿಸ್ಟ್ ಮನೆತನ. ತಂದೆ ಸಾಲಿ ಮಾಸ್ತರು, ತಾಯಿ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ದಿನಾ ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ರೈಲಿನಲ್ಲಿ ಹೋಗುತ್ತಿದ್ದರು. ಮಾತು ಕಡಿಮೆ. ಲ್ಯಾಬಿಗೆ ಹೋಗಿ ಅವರನ್ನು ಕಂಡೆ.

“ಇಲಿ ಅಂದ್ರ ಅಂಜಿಕಿ ಅದ ಏನ್?” ಎಂದು ಕೇಳಿದರು.

“ಎಲ್ಲಿ ಅಂಜಿಕಿರಿ ಮೇಡಂ. ಹಳೇ ಊರಾಗ ನಮ್ಮ ಮನಿ ಅದ. ಇಲಿ ಮೊದಲಿಂದ ಅವ, ನಾವು ಆಮ್ಯಾಲ ಬಂದೋರು.”

ಅವರು ನಗಲಿಲ್ಲ. ನನ್ನ ಹೆಸರು ಮಾತ್ರ ಬರೆದುಕೊಂಡರು: ಜಾವೀದ್. ಮರುದಿನದಿಂದ ಬಾ ಎಂದರು. ಮನೆಯಲ್ಲಿ ನಮ್ಮ ಅಮ್ಮಿ ಪಕ್ಕದ ಮನೆಯವರಿಗೆ, “ಚೂಹೇ ಸಂಭಾಲ್ನೇ ಕೂ ಬಿ.ಎಸ್ಸಿ. ಹೋನಾ ಕತೇ” ಎಂದಳು. ಇಲಿ ಸಾಕಲು ಬಿ.ಎಸ್ಸಿ. ಬೇಕಂತೆ ಎಂಬ ಈ ಸುದ್ದಿ ಸಂಜೆಯೊಳಗೆ ನಮ್ಮ ಗಲ್ಲಿಯನ್ನೆಲ್ಲ ಸುತ್ತಿ, ನಾನು ಇಲಿ ಹಿಡಿಯುವ ಸರ್ಕಾರಿ ನೌಕರ ಎಂಬ ರೂಪದಲ್ಲಿ ನಮ್ಮ ಮನೆಗೇ ವಾಪಸು ಬಂತು.

ಕೆಲಸ ಮಾತ್ರ ತಮಾಷೆಯದಾಗಿರಲಿಲ್ಲ. ಮೇಡಂ ಹುಡುಕುತ್ತಿದ್ದುದು ಒಂದೇ ಪ್ರಶ್ನೆಗೆ ಉತ್ತರ: ದಾಲ್ ಮಿಲ್ಲಿನ ಧೂಳು ಪುಪ್ಪುಸಕ್ಕೆ ಏನು ಮಾಡುತ್ತದೆ? ಹನ್ನೆರಡು ಇಲಿಗಳಿಗೆ ಮಾತ್ರ ಪರವಾನಗಿ ಸಿಕ್ಕಿತ್ತು. ಒಂದರಿಂದ ಆರನೆಯ ಪಂಜರದವು ಬರೀ ಗಾಳಿ ಉಸಿರಾಡುತ್ತಿದ್ದವು. ಏಳರಿಂದ ಹನ್ನೆರಡರವು ದಿನಕ್ಕೆ ಎರಡು ತಾಸು ಒಂದು ಗಾಜಿನ ಪೆಟ್ಟಿಗೆಯಲ್ಲಿ ಕೂತು ತೊಗರಿ ಧೂಳಿನ ಗಾಳಿ ಉಸಿರಾಡುತ್ತಿದ್ದವು. ಒಂದೊಂದು ಜೋಡಿಗೂ ಮೂವತ್ತು ದಿನ ತುಂಬುತ್ತಿದ್ದ ಹಾಗೆ, ಈ ಕಡೆಯ ಒಂದು, ಆ ಕಡೆಯ ಒಂದು ತೆಗೆದು ಎರಡರ ಪುಪ್ಪುಸವನ್ನೂ ಅಳೆಯಬೇಕು. ಅಳೆಯುವುದು ಎರಡು ವಿಷಯ. ಮೊದಲನೆಯದು, ಆ ಮಾಂಸದ ತುಣುಕು ಎಷ್ಟು ಆಮ್ಲಜನಕ ಕುಡಿಯುತ್ತದೆ. ಕುಡಿದಷ್ಟೂ ಅದರ ಶಕ್ತಿಯ ಒಲೆ ಚೆನ್ನಾಗಿ ಉರಿಯುತ್ತಿದೆ ಎಂದರ್ಥ. ಎರಡನೆಯದು, ಅದರೊಳಗಿನ ಕೋಶಗಳಲ್ಲಿ ಎಷ್ಟು ಸತ್ತಿವೆ.

ಪುಪ್ಪುಸ ಮೈಗೆಲ್ಲ ಗಾಳಿ ಹಂಚುತ್ತದೆ ಎಂದು ನನಗೆ ಗೊತ್ತಿತ್ತು. ಹಂಚುವವನಿಗೂ ಹಸಿವಿರುತ್ತದೆ, ಅವನೂ ಉಣ್ಣಬೇಕು ಎಂಬುದು ಹೊಳೆದದ್ದು ಅಲ್ಲಿ.

ಇಲಿ ಮನೆಯ ಯಜಮಾನ ಮಾಧವ ಕಾಕಾ. ಕಾಕಾ ಔರಾದ ತಾಲೂಕಿನ ಠಾಣಾ ಕುಶನೂರದವರು, ಅಲ್ಲಿಯ ಮರಾಠಿ ಸಾಲಿಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದವರು. ಇಲಿಗಳಿಗೆ ಕಾಳು ಹಾಕುವುದು, ಪಂಜರ ತೊಳೆಯುವುದು, ದಿನಾ ತೂಕ ಮಾಡಿ ರಿಜಿಸ್ಟರಿನಲ್ಲಿ ಬರೆಯುವುದು, ಧೂಳಿನ ಪೆಟ್ಟಿಗೆ ನಡೆಸುವುದು ಎಲ್ಲ ಅವರದೇ. ನಾನು ಬಂದ ಎರಡನೇ ದಿನ ಒಂದು ಇಲಿ ನನ್ನ ಹೆಬ್ಬೆರಳು ಕಚ್ಚಿತು. ನಾನು ಭತ್ತದ ಹೊಟ್ಟಿನ ಚೀಲದ ಮೇಲೆ ಮೂರ್ಛೆ ಬಿದ್ದೆ. ಕಣ್ಣು ತೆರೆದಾಗ ಕಾಕಾ ಇಲಿಯನ್ನು ಅಂಗೈಯಲ್ಲಿಟ್ಟುಕೊಂಡು ಸವರುತ್ತಾ ಅದಕ್ಕೆ, “ಅಂಜಬ್ಯಾಡ, ಸಾಹೇಬ್ರು ಹೊಸಬರು ಹರ” ಎಂದು ಸಮಾಧಾನ ಹೇಳುತ್ತಿದ್ದರು. ಅಂದಿನಿಂದ ನಾನು ಅವರ ಬಾಯಲ್ಲಿ ಸಾಹೇಬ.

ಕಾಕಾನ ಹೆಂಡತಿ ಸಖೂಬಾಯಿ. ನಾನು ಮರಾಠಿ ರೂಢಿಯಂತೆ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಕೊಳಾರದ ಹತ್ತಿರ ಒಂದು ಖೋಲಿಯಲ್ಲಿ ಇಬ್ಬರ ಸಂಸಾರ. ಮಾವಶಿ ಪ್ರತಿ ಸುಗ್ಗಿಗೂ ಅಲ್ಲಿಯ ಒಂದು ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಆ ವರ್ಷ ಸಂಕ್ರಾಂತಿ ಆದ ಮೇಲೆ ಅವಳಿಗೆ ಕೆಮ್ಮು ಹತ್ತಿತು. ಎರಡು ವಾರದಿಂದ ಮನೆಯಲ್ಲೇ ಕೂತಿದ್ದಳು. ಕಾಕಾಗೆ ಊಟದ ಡಬ್ಬಿ ಕೊಡಲು ಬಂದಾಗ ಗೇಟಿನಲ್ಲಿ ಅವಳ ಕೆಮ್ಮು ಮೊದಲು ಕೇಳುತ್ತಿತ್ತು, ಆಮೇಲೆ ಅವಳು ಕಾಣುತ್ತಿದ್ದಳು. ಮಿಲ್ಲಿನಿಂದ ಕೆಲಸದವರನ್ನು ಕೂಡಿಸುವ ಮುಕಾದಮ ದಿನಾ ಹೇಳಿಕಳಿಸುತ್ತಿದ್ದ. ಹೋಗಬೇಕೋ ಬಿಡಬೇಕೋ ಎಂಬುದು ಗಂಡಹೆಂಡತಿಗೆ ಬಗೆಹರಿಯುತ್ತಿರಲಿಲ್ಲ.

“ಸಾಹೇಬ್ರ, ನಿಮ್ಮ ಮಸೀನ್ ಯಾವಾಗ ಹೇಳ್ತದ್ರಿ?” ಎಂದು ಕಾಕಾ ದಿನಾ ಕೇಳುತ್ತಿದ್ದರು.

“ಏನ್ರಿ ಕಾಕಾ?”

“ಅದೇರಿ. ಧೂಳ ಫುಪ್ಪುಸಕ್ಕ ಖರೇನೆ ಬಾಧಿ ಮಾಡ್ತದೋ, ಇಲ್ಲ ಇದು ಬರೀ ಚಳಿಗಾಲದ ಕೆಮ್ಮೋ. ಇಲಿ ಹೇಳಿದ್ಹಂಗ ನಾವು ಕೇಳ್ತೇವಿ.”

ಮೇಡಂ ಕೇಳಿಸಿಕೊಂಡು ಒಮ್ಮೆ ಸ್ಪಷ್ಟವಾಗಿ ಹೇಳಿದ್ದರು: “ಕಾಕಾ, ಆರೂ ಜೋಡಿ ಮುಗಿಯೋ ತನಕ ನಾ ಏನೂ ಹೇಳಂಗಿಲ್ಲ. ಆಕಿಗಿ ಮೊದಲು ದವಾಖಾನಿಗಿ ತೋರಸ್ರಿ.” ಮಾವಶಿಗೆ ದವಾಖಾನೆ ಎಂದರೆ ಆಗುತ್ತಿರಲಿಲ್ಲ. ಇಲಿಗಳೇ ವಾಸಿ ಎಂದಳಂತೆ.

ಅಳತೆ ಶುರುವಾಗುವ ಮೊದಲು ಮೇಡಂ ನನಗೆ ಹದಿನೈದು ದಿನ ತರಬೇತಿ ಕೊಟ್ಟರು. ಸತ್ತ ಕೋಶ ಎಣಿಸುವುದು ಹೀಗೆ: ಕೋಶಗಳ ಮೇಲೆ ಒಂದು ನೀಲಿ ಬಣ್ಣದ ಹನಿ ಹಾಕಬೇಕು. ಬದುಕಿರುವ ಕೋಶ ಬಣ್ಣವನ್ನು ಒಳಗೆ ಬಿಡುವುದಿಲ್ಲ. ಸತ್ತ ಕೋಶಕ್ಕೆ ಬಾಗಿಲು ಹಾಕಲು ಬರುವುದಿಲ್ಲ, ನೀಲಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿ ನೀಲಿ ಎಷ್ಟು, ಬಿಳಿ ಎಷ್ಟು ಎಂದು ಎಣಿಸಬೇಕು. ಮೊದಲನೇ ದಿನ ನಾನು ಓಡಿಹೋಗಿ ಮೇಡಂಗೆ, ಉದ್ದನೆಯ ಕಪ್ಪು ಕೋಶಗಳು ಸಾಲಾಗಿ ಕುಣಿಯುತ್ತಿವೆ, ಯಾರೂ ಕಂಡಿರದ ರೋಗ ಇರಬಹುದು ಎಂದೆ. ಅವರು ಬಂದು ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಯಂತ್ರ ನೋಡಿದರು.

“ಜಾವೀದ, ಅವು ನಿನ್ನ ರೆಪ್ಪಿ ಕೂದಲ.”

ಅದೇ ವಾರ ನೀಲಿ ಬಣ್ಣ ಕೈಗೆ ಬಿತ್ತು, ಕೈ ಮುಖಕ್ಕೆ ಹೋಯಿತು. ಮೂರು ದಿನ ತುಟಿ ನೀಲಿ. ಕಾಕಾ, “ಸಾಹೇಬ್ರು ಬಣ್ಣ ಒಳಗ ಬಿಟ್ಟಾರ. ಲೆಕ್ಕಕ್ಕ ಸತ್ತಾರ” ಎಂದರು. ಕಾಕಾ ನಾಲ್ಕನೇ ಇಯತ್ತೆ ಓದಿದ್ದರೂ ಪ್ರಯೋಗವನ್ನು ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದರು.

ಫೆಬ್ರುವರಿ ಕೊನೆಗೆ ಮೊದಲ ಜೋಡಿಯ ದಿನ ಬಂತು. ಹಗಲು ಬಿಸಿಲು ಏರುತ್ತಿತ್ತು. ಮೇಡಂ ಚೀಟಿ ಎತ್ತಿ ಜೋಡಿ ಆರಿಸಿದರು: ಒಂಬತ್ತು ಮತ್ತು ಒಂದು. “ಮೊದಲು ಒಂಬತ್ತು ತೊಗೊಂಡು ಬಾ” ಎಂದರು.

ಇಲಿ ಮನೆಗೆ ಹೋದೆ. ಕಾಕಾ ಅಂದು ಅರ್ಧ ದಿನ ರಜೆ ಹಾಕಿದ್ದರು. ಪಂಜರಗಳಿಗೆ ಅಚ್ಚಿನ ಇಂಗ್ಲಿಷ್ ನಂಬರಿನ ಚೀಟಿ ಅಂಟಿಸಿದ್ದೆವು. ಹಿಂದಿನ ದಿನ ತೊಳೆಯುವಾಗ ಒಂದು ಪಂಜರದ ಚೀಟಿ ಕಿತ್ತುಹೋಗಿತ್ತಂತೆ. ಕಾಕಾ ಬಿಳಿ ಪಟ್ಟಿ ಹಚ್ಚಿ, ಮಾರ್ಕರಿನಿಂದ ತಾವೇ ದಪ್ಪಗೆ ಬರೆದಿದ್ದರು: १.

ಇನ್ನು ನನ್ನ ಕಥೆ ಕೇಳಿ. ನಾನು ಏಳನೇ ಇಯತ್ತೆವರೆಗೆ ಉರ್ದು ಸಾಲಿಯಲ್ಲಿ ಓದಿದವನು. ಮಗ್ಗಿ ಬಾಯಿಪಾಠ ಮಾಡಿದ್ದು ಉರ್ದು ಅಂಕಿಯಲ್ಲಿ. ಉರ್ದುವಿನ ಒಂಬತ್ತು ಹೇಗಿರುತ್ತದೆ ಗೊತ್ತೇ? ಮೇಲೊಂದು ಸುತ್ತು, ಕೆಳಗೊಂದು ಬಾಲ. ಮರಾಠಿಯ ಒಂದು ಹೇಗಿರುತ್ತದೆ? ಮೇಲೊಂದು ಸುತ್ತು, ಕೆಳಗೊಂದು ಬಾಲ. ಇಂಗ್ಲಿಷಿನ ಒಂಬತ್ತೂ ಅದೇ ಜಾತಿ. ಹಿಂದಿ ತಾಸಿನಲ್ಲಿ ಆ ಒಂದನ್ನು ನಾನೂ ಕಲಿತಿದ್ದೆ. ಆದರೆ ಅವಸರದಲ್ಲಿ ಕಣ್ಣು ತಾನು ಮೊದಲು ಕಲಿತದ್ದನ್ನೇ ಓದುತ್ತದೆ. ನಾನು ಒಂಬತ್ತು ಎಂದು ಓದಿ ಆ ಪಂಜರ ಎತ್ತಿಕೊಂಡು ಬಂದೆ.

ಇಷ್ಟಕ್ಕೇ ನಿಂತಿದ್ದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಆದರೆ ನಾನು ಬುದ್ಧಿವಂತ. ಸ್ವಲ್ಪ ಹೊತ್ತಿಗೆ ಒಂದನೆಯದನ್ನು ತರಲು ಹೋದಾಗ ಒಂದು ಎಂಬ ಪಂಜರವೇ ಇರಲಿಲ್ಲ. ಬದಲಿಗೆ ಅಚ್ಚಿನ ಚೀಟಿಯ ಇನ್ನೊಂದು ಒಂಬತ್ತು ಕೂತಿತ್ತು. ಕಾಕಾ ಮುದುಕರಾದರು, ಯಾವ ಪಂಜರಕ್ಕೋ ಯಾವ ಚೀಟಿಯೋ ಅಂಟಿಸಿದ್ದಾರೆ ಎಂದು ಮರುಕಪಟ್ಟೆ. ಅವರ ಮಾನ ಉಳಿಸಲೆಂದು ಆ 9ನ್ನು ಉಗುರಿನಿಂದ ಕೆರೆದು ತೆಗೆದು, ನನ್ನ ಕೈಯಾರೆ 1 ಎಂದು ಬರೆದೆ. ಮೇಡಂಗೂ ಹೇಳಲಿಲ್ಲ, ಕಾಕಾಗೂ ಹೇಳಲಿಲ್ಲ. ದೊಡ್ಡ ಮನಸ್ಸು ನನ್ನದು.

ಅಂದು ನನಗೆ ಬಡಿದ ಮೊದಲ ಆಘಾತ ಬೇರೆ. ಮೇಡಂ ಇಲಿಗೆ ಮದ್ದು ಕೊಟ್ಟು, ಅದು ನೋವಿಲ್ಲದೆ ಸತ್ತದ್ದನ್ನು ಎರಡು ಸಲ ಖಾತ್ರಿ ಮಾಡಿಕೊಂಡರು. ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಂಡರು. ಪುಪ್ಪುಸ ತೆಗೆದು ಕಾಗದದಷ್ಟು ತೆಳ್ಳಗೆ ಕೊಯ್ದು, ಒಂದು ತುಣುಕನ್ನು ಬೆಚ್ಚಗಿನ ಉಪ್ಪುಸಕ್ಕರೆ ನೀರಿನ ಪುಟ್ಟ ಡಬ್ಬಿಯೊಳಗೆ ಬಿಟ್ಟು ಮುಚ್ಚಳ ಹಾಕಿದರು. ಡಬ್ಬಿಯ ತಳದಲ್ಲಿ ಆಮ್ಲಜನಕ ಅಳೆಯುವ ಸಾಧನ. ಕಂಪ್ಯೂಟರಿನ ಪರದೆಯ ಮೇಲೆ ಒಂದು ಗೆರೆ ನಿಧಾನವಾಗಿ ಕೆಳಗಿಳಿಯತೊಡಗಿತು.

“ಯಾಕ ಇಳೀಲಾಕತ್ತದ್ರಿ ಮೇಡಂ?”

“ನೀರಾಗಿನ ಆಮ್ಲಜನಕ ಕುಡೀಲಾಕತ್ತದ.”

“ಯಾರು?”

“ಆ ತುಣುಕು.”

ನಾನು ಹಿಂದೆ ತಿರುಗಿ ನೋಡಿದೆ. ಇಲಿ ಟ್ರೇಯಲ್ಲಿ ತಣ್ಣಗೆ ಮಲಗಿತ್ತು. ಸತ್ತು ತಾಸಾಗಿತ್ತು. ಇತ್ತ ಅದರ ಉಗುರಿನಷ್ಟು ಪುಪ್ಪುಸ, ಏನೂ ಆಗಿಲ್ಲ ಎಂಬಂತೆ, ಗೆರೆಯನ್ನು ಕೆಳಗೆ ಎಳೆಯುತ್ತಲೇ ಇತ್ತು. ಸಾವು ಎಂದರೆ ದೀಪ ಆರಿಸಿದಂತೆ ಎಂದು ತಿಳಿದಿದ್ದೆ. ಅಲ್ಲಿ ಯಜಮಾನ ಹೋಗಿಯಾಗಿತ್ತು, ಕೆಲಸದವರಿಗೆ ಇನ್ನೂ ಸುದ್ದಿಯೇ ಮುಟ್ಟಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೂ ರೊಟ್ಟಿ ಇಳಿಯಲಿಲ್ಲ. ನಮ್ಮ ಗಲ್ಲಿಯಲ್ಲಿ ಊಟ ಬಿಟ್ಟವನೆಂಬ ಹೆಸರು ನನಗೆ ಅಲ್ಲಿಯವರೆಗೆ ಇರಲಿಲ್ಲ.

ಸಂಜೆಗೆ ಲೆಕ್ಕ ಸಿಕ್ಕಿತು. ‘ಒಂಬತ್ತರ’ ತುಣುಕು ಗಟಗಟ ಕುಡಿದಿತ್ತು, ನೀಲಿ ಕೋಶ ಅಲ್ಲೊಂದು ಇಲ್ಲೊಂದು. ‘ಒಂದರ’ ತುಣುಕು ಗುಟುಕರಿಸಿ ಸುಸ್ತಾಗಿತ್ತು, ಎಲ್ಲಿ ನೋಡಿದರೂ ನೀಲಿ. ಧೂಳು ತಿಂದ ಇಲಿ ಪೈಲ್ವಾನ, ಶುದ್ಧ ಗಾಳಿ ಕುಡಿದದ್ದು ರೋಗಿ. ಮೇಡಂ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟರು. ಅವರ ರೈಲು ತಪ್ಪಿತು. ಕೊನೆಗೆ ಎದ್ದು, “ಒಂದ್ ಜೋಡಿಲಿಂದ ಏನೂ ತಿಳಿಯಂಗಿಲ್ಲ. ಯಾರ ಮುಂದೂ ಮಾತಾಡಬ್ಯಾಡ” ಎಂದರು.

ಹೂಂ ಎಂದೆ. ಹೂಂ ಎಂದ ಬಾಯಿ ಗೇಟಿನವರೆಗೆ ಮುಚ್ಚಿಕೊಂಡಿತ್ತು. ಗೇಟಿನಲ್ಲಿ ಕಾಕಾ ಸಿಕ್ಕರು.

“ಏನಂತಾವ್ರಿ ಸಾಹೇಬ್ರ, ಇಲಿ?”

ಇಷ್ಟು ದಿನ ರೆಪ್ಪೆಗೂದಲು ಎಣಿಸಿದವನಿಗೆ ಮೊದಲ ಸಲ ಹೇಳಲು ಒಂದು ಸುದ್ದಿ ಇತ್ತು. ಎದೆ ಉಬ್ಬಿಸಿ, “ಕಾಕಾ, ಧೂಳಿನ ಇಲಿ ಗಟ್ಟಿ ಅದ್ರಿ. ನಮಗಿಂತ ಗಟ್ಟಿ. ತೊಗರಿ ಧೂಳ ಟಾನಿಕ್ ಇದ್ದಂಗ ಕಾಣ್ತದ” ಎಂದೆ.

ಕಾಕಾ ನನ್ನ ಭುಜ ಹಿಡಿದು ಅಲುಗಾಡಿಸಿದರು. “ಖರೇನ್ರಿ?”

“ಮಸೀನ್ ಸುಳ್ಳು ಹೇಳ್ತದೇನ್ರಿ?”

ಮರುದಿನ ಡಬ್ಬಿ ತಂದದ್ದು ಪಕ್ಕದ ಖೋಲಿಯ ಹೆಂಗಸು. ಮಾವಶಿ ಎಲ್ಲಿ ಎಂದು ಕೇಳಿದೆ. ಕಾಕಾ ಖುಷಿಯಿಂದ, “ಮಿಲ್ಲಿಗಿ ಹೋಗ್ಯಾಳ್ರಿ. ಸಾಹೇಬ್ರೇ ಹೇಳ್ಯಾರ ಅಂದ ಕೂಡ್ಲೇ ಎದ್ದು ಹೋದಳು. ಎರಡ್ ವಾರ ಸುಮ್ಮನೆ ಕೂತೆ ಅಂತ ನನಗೇ ಬೈದಳು” ಎಂದರು. ಆ ದಿನ ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಬರೆಯುವಾಗ ಕೈ ನಿಲ್ಲುತ್ತದೆ.

ಎರಡನೆಯ ಜೋಡಿ ಅಳೆದೆವು. ತಿರುಗಾ ಮುರುಗಾ. ಧೂಳಿನ ಇಲಿಯ ಪುಪ್ಪುಸ ಅರ್ಧವೂ ಕುಡಿಯಲಿಲ್ಲ, ಕಣ್ಣಿಟ್ಟಲ್ಲೆಲ್ಲ ನೀಲಿ. ಮೂರನೆಯದು ಹಾಗೆಯೇ. ನಾಲ್ಕನೆಯದು ಹಾಗೆಯೇ. ನಾನು ಎಣಿಸುತ್ತಿದ್ದೆ, ಕೈಯಲ್ಲಿ ಎಣಿಕೆಯ ಗುಂಡಿ ಟಿಕ್ ಟಿಕ್ ಎನ್ನುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಪಂಜರದಲ್ಲಿದ್ದಾಗ ಆ ಇಲಿಗಳು ಚೆನ್ನಾಗಿಯೇ ಓಡಾಡುತ್ತಿದ್ದವು, ಕಾಳು ತಿನ್ನುತ್ತಿದ್ದವು. ಒಳಗೆ ಇಷ್ಟು ಸತ್ತಿತ್ತು.

ಆಗ ನಾನು ಕಾಕಾಗೆ ಹೇಳಬೇಕಿತ್ತು. ಹೇಳಲಿಲ್ಲ. ಮೊದಲನೆಯ ಜೋಡಿಯೂ ಸುಳ್ಳಲ್ಲವಲ್ಲ, ಮೇಡಂ ಅದಕ್ಕೆ ಏನಾದರೂ ಕಾರಣ ಕಂಡುಹಿಡಿಯಲಿ, ಆಮೇಲೆ ಒಟ್ಟಿಗೆ ಹೇಳಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕಾಕಾ “ಏನಂತಾವ್ರಿ ಇಲಿ?” ಎಂದರೆ, “ನಿಮ್ಮನ್ನ ಭಾಳ ನೆನಸ್ತಾವ್ರಿ” ಎಂದು ಮಾತು ಹಾರಿಸುತ್ತಿದ್ದೆ. ಎರಡು ವಾರ ಹಾಗೆ ನಗಿಸಿದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಜೋಕುಗಳನ್ನು ನಾನು ಇನ್ನೆಂದೂ ಹೇಳಿಲ್ಲ.

ಮೇಡಂ ಮಾತ್ರ ಆ ಮೊದಲ ಜೋಡಿಗೆ ಅಂಟಿಕೊಂಡುಬಿಟ್ಟರು. ಬೇರೆಯವರಾಗಿದ್ದರೆ ಆ ಒಂದು ಸಾಲನ್ನು ಕೈಬಿಟ್ಟು ಮುಂದೆ ಹೋಗುತ್ತಿದ್ದರು ಎಂದು ನಾನು ಸಲಹೆ ಕೊಟ್ಟೆ. “ನಮಗ ಬೇಕಾದದ್ದು ಇಟ್ಟು ಬ್ಯಾಡಾದದ್ದು ಬಿಡಲಾಕ ಇದು ಬದನಿಕಾಯಿ ಅಲ್ಲ” ಎಂದರು. ಸಾಧನ ಬಿಚ್ಚಿದರು, ಹೊಸ ಪೊರೆ ಹಾಕಿದರು, ನೀರಿನ ಉಪ್ಪು ಮತ್ತೆ ತೂಗಿದರು. ಆರನೆಯ ಜೋಡಿಯೂ ಮುಗಿಯಿತು. ಐದು ಜೋಡಿ ಒಂದು ಮಾತು, ಮೊದಲನೆಯದೊಂದೇ ಬೇರೆ ಮಾತು.

ಮಾರ್ಚ್ ತಿಂಗಳ ಒಂದು ಆದಿತ್ಯವಾರ, ಕಾಕಾನ ತೂಕದ ರಿಜಿಸ್ಟರ್ ತೆಗೆದುಕೊಂಡು ಭಾಲ್ಕಿಗೆ ಬಾ, ಎಲ್ಲ ಕಂಪ್ಯೂಟರಿಗೆ ಹಾಕೋಣ ಎಂದು ಮೇಡಂ ಕರೆದರು. ಬಸ್ಸು ಹತ್ತಿ ಹೋದೆ. ಅವರು ಆಗಷ್ಟೇ ಚರ್ಚಿನಿಂದ ಬಂದಿದ್ದರು. ಅವರ ತಾಯಿ ಚಹಾ, ಚಕ್ಕುಲಿ ಇಟ್ಟರು. ಮೇಡಂ ಟೈಪ್ ಮಾಡುವುದು, ನಾನು ಓದುವುದು.

ರಿಜಿಸ್ಟರ್ ತೆರೆದೆ. ಪೂರಾ ಮರಾಠಿ ಅಂಕಿ, ದುಂಡಗೆ, ಒಂದೂ ಚಿತ್ತಿಲ್ಲ. ಮೊದಲ ಜೋಡಿಯ ಹಿಂದಿನ ದಿನದ ಪುಟ ತೆಗೆದು, ಮೊದಲ ಸಾಲಿನಿಂದ ಶುರುಮಾಡಿದೆ.

“ಇಲಿ ನಂಬರ್ ಒಂಬತ್ತು. ತೂಕ ಇನ್ನೂರಾ ಅರವತ್ತೆಂಟ್ ಗ್ರಾಂ.”

ಮೇಡಂನ ಬೆರಳು ನಿಂತಿತು. “ಮೊದಲನೇ ಸಾಲ್ನ್ಯಾಗ ಒಂಬತ್ತು ಹ್ಯಾಂಗ ಬರ್ತದ?”

“ಹಂಗೇ ಬರದಾರ್ರಿ. ಮುಂದಿಂದು ಎರಡು, ಮೂರು...”

“ಕೊಡಿಲ್ಲಿ.” ಅವರು ನೋಡಿದರು. “ಇದು ಒಂದು, ಜಾವೀದ. ಪಟ್ಟಿ ಒಂದರಿಂದ ಶುರು ಆಗ್ತದ.”

ನಾನು ಆ १ ಅನ್ನು ನೋಡಿದೆ. ಮೇಲೊಂದು ಸುತ್ತು, ಕೆಳಗೊಂದು ಬಾಲ. ಇಲಿ ಮನೆಯ ಬಿಳಿ ಪಟ್ಟಿ ಕಣ್ಣ ಮುಂದೆ ಬಂತು. ಉಗುರಿನಿಂದ ಕೆರೆದದ್ದು ಬಂತು. ಚಕ್ಕುಲಿಯ ತುಂಡು ಗಂಟಲಲ್ಲಿ ಅಡ್ಡ ನಿಂತು, ಮೇಡಂನ ತಾಯಿ ಎದ್ದು ಬಂದು ಬೆನ್ನು ಗುದ್ದಬೇಕಾಯಿತು. ನೀರು ಕುಡಿದು, ಎಲ್ಲವನ್ನೂ ಹೇಳಿದೆ. ಮಧ್ಯದಲ್ಲಿ ಎಲ್ಲಿಯೂ ತಮಾಷೆ ಸೇರಿಸಲಿಲ್ಲ. ಸೇರಿಸಲು ಸಿಗಲಿಲ್ಲ.

ಮೇಡಂ ತಮ್ಮ ಪುಸ್ತಕ ತೆಗೆದರು. ಕೊಯ್ಯುವ ಮೊದಲು ಅವರೇ ತೂಗಿ ಬರೆದದ್ದು: ‘ಒಂಬತ್ತು’ ಎಂದು ನಾನು ತಂದ ಇಲಿ ಇನ್ನೂರಾ ಅರವತ್ತೇಳು ಗ್ರಾಂ. ‘ಒಂದು’ ಎಂದು ತಂದದ್ದು ಇನ್ನೂರಾ ಮೂವತ್ತೆರಡು. ಕಾಕಾನ ರಿಜಿಸ್ಟರಿನಲ್ಲಿ ಒಂದನೆಯದು ಇನ್ನೂರಾ ಅರವತ್ತೆಂಟು, ಒಂಬತ್ತನೆಯದು ಇನ್ನೂರಾ ಮೂವತ್ತಮೂರು. ಇಲಿ ಅದಲುಬದಲಾಗಿದ್ದು ಹಗಲಿನಷ್ಟು ಸ್ಪಷ್ಟ. ಆರೂ ಜೋಡಿ ಈಗ ಒಂದೇ ಮಾತು ಹೇಳುತ್ತಿದ್ದವು.

ಮೇಡಂ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಬೈಯುತ್ತಾರೆ ಎಂದು ಕಾದೆ. “ನಾ ಮೂರು ವಾರ ನಿದ್ದಿ ಮಾಡಿಲ್ಲೋ ಮಾರಾಯ” ಎಂದು ನಕ್ಕರು. ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು.

ಆಗ ನಾನು, “ಮೇಡಂ, ಇನ್ನೊಂದ್ ಅದ್ರಿ. ಕಾಕಾಗ ಮೊದಲನೇ ದಿನಾನೇ ಹೇಳಿಬಿಟ್ಟೀನಿ. ಧೂಳಿಂದ ಏನೂ ಆಗಂಗಿಲ್ಲ ಅಂತ. ಮಾವಶಿ ಮಿಲ್ಲಿಗಿ ಹೋಗ್ಲಾಕತ್ತಾಳ್ರಿ” ಎಂದೆ.

ನಗು ನಿಂತುಹೋಯಿತು. ಅವರ ತಾಯಿ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟರು. ಒಂದಿಷ್ಟು ಬೈದಿದ್ದರೆ ನಾನು ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

“ಎಷ್ಟ್ ದಿನ ಆತು?” ಎಂದು ಮೇಡಂ ಕೇಳಿದರು.

“ಇಪ್ಪತ್ತೆರಡು ದಿನರಿ.”

“ಪಟ್ಟಿ ನಾ ತಿದ್ದತೇನಿ. ನೀ ಈಗೇ ಹೋಗು.”

ಭಾಲ್ಕಿಯಿಂದ ಬೀದರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿ ಇದ್ದವು. ಆಟೋ ಹಿಡಿದು ಕೊಳಾರಕ್ಕೆ ಹೋದಾಗ ಮಧ್ಯಾಹ್ನ. ಕಾಕಾ ಖೋಲಿಯ ಮುಂದೆ ಕೂತು ಕತ್ತಾಳೆ ಹಗ್ಗ ಹೊಸೆಯುತ್ತಿದ್ದರು. ನಾನು ನೆಲದ ಮಣ್ಣಿನ ಮೇಲೆ ಬೆರಳಿನಿಂದ ಬರೆದೆ: १.

“ಕಾಕಾ, ಇದು ಏನ್ರಿ?”

“ಒಂದು. ನಮ್ಮ ಸಾಲ್ಯಾಗ ಮೊದಲನೇ ದಿನ ಕಲಿಸಿದ್ದೇ ಇದು.”

“ನಮ್ಮ ಸಾಲ್ಯಾಗ ಇದು ಕೊನೀಗಿ ಕಲಿಸಿದ್ರಿ. ಒಂಬತ್ತು.”

ಕಾಕಾಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪ್ರಯೋಗವನ್ನು ನನಗಿಂತ ಚೆನ್ನಾಗಿ ತಿಳಿದವರು ಎಂದೆನಲ್ಲ. ಅವರ ಕೈಯಿಂದ ಹಗ್ಗದ ಹುರಿ ಬಿಚ್ಚಿಕೊಂಡು ತಾನೇ ತಿರುಗತೊಡಗಿತು. ಅವರು ನನ್ನನ್ನು ನೋಡಲಿಲ್ಲ. ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮಿಲ್ಲಿನ ಕಡೆ ನಡೆದರು. ನಾನು ಹತ್ತು ಹೆಜ್ಜೆ ಹಿಂದೆ.

ಮಿಲ್ಲಿನ ಬಾಗಿಲಿನಲ್ಲಿ ಒಳಗಿನವರು ಕಾಣುತ್ತಿರಲಿಲ್ಲ. ಬಿಸಿಲಿನ ಕೋಲುಗಳಲ್ಲಿ ಧೂಳು ಹಳದಿಯಾಗಿ ನಿಂತಿತ್ತು. ಕರೆದಾಗ ಅದರೊಳಗಿನಿಂದ ಒಂದು ಕೆಮ್ಮು ಬಂತು, ಹಿಂದೆ ಮಾವಶಿ ಬಂದಳು. ಸೀರೆಯ ಸೆರಗು ಮೂಗಿಗೆ ಕಟ್ಟಿದ್ದಳು. ರೆಪ್ಪೆ, ಹುಬ್ಬು, ಕೂದಲೆಲ್ಲ ಹಿಟ್ಟು ಬಳಿದಂತೆ. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೈಯಿರಿ ಎಂದೂ ಹೇಳಿದೆ.

ಅವಳು ಸೆರಗು ಸಡಿಲಿಸಿದಳು. “ಆ ಇಲಿಗಿ ಎಷ್ಟ್ ದಿನ ಧೂಳ ಕೊಟ್ಟಿದ್ರಿ?”

“ದಿನಕ್ಕ ಎರಡ್ ತಾಸ್ರಿ. ಮೂವತ್ತು ದಿನ.”

“ಅಷ್ಟೇ?”

“ಅಷ್ಟೇರಿ.”

“ನಂದು ಇದು ಹನ್ನೊಂದನೇ ಸುಗ್ಗಿ. ದಿನಕ್ಕ ಎಂಟ್ ತಾಸು.” ರೆಪ್ಪೆಯ ಮೇಲಿನ ಧೂಳು ಒರೆಸಿಕೊಂಡು ಕೇಳಿದಳು, “ಇಲಿ ಕೆಮ್ಮತಿದ್ವೇನು?”

“ಇಲ್ರಿ ಮಾವಶಿ. ಆರಾಮ ಓಡಾಡತಿದ್ವು.”

“ಹಂಗಿದ್ರೂ ಒಳಗ ಸತ್ತಿತ್ತು?”

“ಸತ್ತಿತ್ರಿ.”

ಅವಳು ಗಂಡನ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಇಲಿದು ಅಳದದ್ದು ಸಾಕು. ನಂದು ಅಳೀರಿ” ಎಂದಳು.

ಮರುದಿನ ಸೋಮವಾರ ಬೆಳಿಗ್ಗೆ ಸರ್ಕಾರಿ ದವಾಖಾನೆಯಲ್ಲಿ ನಾವು ನಾಲ್ಕು ಜನ: ಮಾವಶಿ, ಕಾಕಾ, ರೈಲಿನಿಂದ ನೇರ ಬಂದ ಮೇಡಂ, ಬಾಗಿಲಿಗೆ ಆತುಕೊಂಡು ನಾನು. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಸಿಸ್ಟರ್ ಒಬ್ಬರು ಊದುವ ಕೊಳವೆ ತಂದರು. ಪ್ಲಾಸ್ಟಿಕ್ಕಿನದು, ಬದಿಗೆ ನಂಬರಿನ ಸಾಲು, ಊದಿದಷ್ಟು ದೂರ ಜಾರುವ ಒಂದು ಪುಟ್ಟ ಕೆಂಪು ಮುಳ್ಳು. ಬಾಯಿ ಬಿಗಿ ಹಿಡಿದು, ಒಂದೇ ಸಲಕ್ಕೆ ಜೋರಾಗಿ ಊದಬೇಕು ಎಂದು ತೋರಿಸಿದರು. ಮಾವಶಿ ಕಣ್ಣು ಮುಚ್ಚಿ ಊದಿದಳು. ಮುಳ್ಳು ಟಕ್ ಎಂದು ಎಲ್ಲಿಯೋ ನಿಂತಿತು. ಎಷ್ಟು ಎಂದು ನೋಡಲು ನಾನು ಕತ್ತು ಚಾಚಿದೆ.

ಮಾವಶಿ ಕೊಳವೆಯನ್ನು ಎದೆಗೆ ಅವುಚಿಕೊಂಡಳು. “ತಮ್ಮಾ, ನೀ ಓದಬ್ಯಾಡಪಾ. ಸಿಸ್ಟರ್ ಓದಲಿ.”

ಮೊದಲು ನಕ್ಕದ್ದು ಕಾಕಾ. ಹಿಂದಿನ ಮಧ್ಯಾಹ್ನದಿಂದ ಬಿಗಿದುಕೊಂಡಿದ್ದ ಮುಖ ಒಡೆದು ನಕ್ಕರು. ಮೇಡಂ ನಕ್ಕರು. ಮಾವಶಿ ನಗಲು ಹೋಗಿ ಕೆಮ್ಮಿದಳು. ಏನೆಂದು ಗೊತ್ತಿಲ್ಲದ ಸಿಸ್ಟರ್ ಕೂಡ ನಗುತ್ತಾ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಓದಿದರು. “ಇನ್ನೊಂದ್ ಸಲ ಊದ್ರಿ ಅವ್ವಾ” ಎಂದರು. ಅದನ್ನೂ ಓದಿದರು. ಮೂರನೆಯದನ್ನೂ ಓದಿದರು. ಈಗ ಅವರು ನಗುತ್ತಿರಲಿಲ್ಲ.

“ವಯಸ್ಸೆಷ್ಟ್ರಿ?”

“ನಲವತ್ನಾಕು.”

ಗೋಡೆಯ ಮೇಲೆ ವಯಸ್ಸಿಗೆ ತಕ್ಕ ನಂಬರಿನ ಪಟ್ಟಿ ಇತ್ತು. ಸಿಸ್ಟರ್ ಹತ್ತಿರದ ನಲವತ್ತೈದರ ಸಾಲಿನ ಮೇಲೆ ಬೆರಳಿಟ್ಟು, ಮಾವಶಿ ಊದಿದ ನಂಬರು ಯಾವ ವಯಸ್ಸಿಗೆ ಕೂಡುತ್ತದೆ ಎಂದು ಹುಡುಕುತ್ತಾ ಕೆಳಗೆ ಜಾರಿಸುತ್ತಾ ಹೋದರು. ಐವತ್ತು ದಾಟಿತು, ಅರವತ್ತು ದಾಟಿತು, ಎಪ್ಪತ್ತು ದಾಟಿತು. ಪಟ್ಟಿ ಮುಗಿಯಿತು. ಬೆರಳು ಬರೀ ಗೋಡೆಯ ಮೇಲೆ ನಿಂತಿತು.

ಹೋದದ್ದು ವಾಪಸು ಬರುವುದಿಲ್ಲ, ಧೂಳು ಬಿಟ್ಟರೆ ಉಳಿದದ್ದು ಉಳಿಯುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುವ ಮದ್ದು ಬರೆದರು. ಮಾವಶಿ ಎಲ್ಲವನ್ನೂ ಕೇಳಿ, ಕಾಕಾನ ಕಡೆ ತಿರುಗಿ, “ಮುಕಾದಮಗ ಹೇಳಿ ಬರ್ರಿ, ಇನ್ನ ಬರಂಗಿಲ್ಲಂತ” ಎಂದಳು. ಕಾಕಾ ಹೂಂ ಎಂದರು. ಆದರೆ ಬೆಂಚಿನಿಂದ ಏಳಲಿಲ್ಲ. ಅವಳ ಕೈ ಹಿಡಿದುಕೊಂಡು ಆ ಗೋಡೆಯನ್ನೇ ನೋಡುತ್ತಿದ್ದರು.

ಹೇಳಲು ನಾನು ಹೋದೆ. ಹೇಳಬೇಕಾದದ್ದು ಒಂದೇ ಮಾತು: ಸಖೂಬಾಯಿ ಇನ್ನು ಬರುವುದಿಲ್ಲ. ದವಾಖಾನೆಯ ಮೆಟ್ಟಿಲಿಳಿದಲ್ಲಿಂದ ಮಿಲ್ಲಿನ ಗೇಟಿನವರೆಗೂ, ಸಾಮಾನು ತರಲು ಕಳಿಸಿದ ಸಣ್ಣ ಹುಡುಗನ ಹಾಗೆ, ಎಲ್ಲಿ ತಪ್ಪಿ ಹೇಳಿಬಿಡುತ್ತೇನೋ ಎಂದು ಅದನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋದೆ.